‘ಹಾರ್ಡ್ಲಿ’ ಅಂದ್ರೆ ಇದೆಯೋ, ಇಲ್ವೋ? ಕಾಮಗೆರೆಯಿಂದ ಮಕಾವ್‌ವರೆಗೆ ಒಂದು ಪದದ ದಾರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

  ಇವತ್ತಿನ ಸಂಚಿಕೆ ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಒಂದೇ ಒಂದು ಇಂಗ್ಲಿಷ್ ಪದದ ಚರಿತ್ರೆ. ಆ ಪದ ‘ಹಾರ್ಡ್ಲಿ’.

ಮೊದಲು ಈ ಎರಡು ವಾಕ್ಯ ಕೇಳಿ. ‘ಐ ವರ್ಕ್ಡ್ ಹಾರ್ಡ್.’ ‘ಐ ಹಾರ್ಡ್ಲಿ ವರ್ಕ್ಡ್.’ ಮೊದಲನೆಯದು ‘ನಾನು ಕಷ್ಟಪಟ್ಟು ಕೆಲಸ ಮಾಡಿದೆ’. ಎರಡನೆಯದು ‘ನಾನು ಕೆಲಸ ಮಾಡಿದ್ದು ಇಲ್ಲ ಅನ್ನೋ ಹಾಗೆ’. ಒಂದೇ ಬೇರು. ಒಂದಕ್ಕೆ ಸಂಬಳ ಜಾಸ್ತಿ ಆಗುತ್ತೆ, ಇನ್ನೊಂದಕ್ಕೆ ಕೆಲಸವೇ ಹೋಗುತ್ತೆ.

ನಮ್ಮ ಕಡೆಯ ಒಬ್ಬ ಹುಡುಗ, ಬಿಕಾಂ ಮುಗಿಸಿದವನು, ಕೆಲಸದ ಅರ್ಜಿಯಲ್ಲಿ ತಾನು ಕಾಲೇಜಿನ ಜೊತೆಗೆ ಅಂಗಡಿ ಲೆಕ್ಕ ಬರೀತಿದ್ದೆ ಅಂತ ಹೇಳೋಕೆ ‘ಐ ಹಾರ್ಡ್ಲಿ ವರ್ಕ್ಡ್ ಫಾರ್ ತ್ರೀ ಇಯರ್ಸ್’ ಅಂತ ಬರೆದಿದ್ದ. ಮೂರು ವರ್ಷ ಬೆಳಿಗ್ಗೆ ಕಾಲೇಜು, ಸಂಜೆ ಅಂಗಡಿ ಮಾಡಿದ ಹುಡುಗ ಅವನು. ಓದಿದವರಿಗೆ ಕಂಡಿದ್ದು ಮೂರು ವರ್ಷ ಸುಮ್ಮನೆ ಕೂತವನು. ಫೋನ್ ಬರಲಿಲ್ಲ. ಯಾಕೆ ಬರಲಿಲ್ಲ ಅಂತಲೂ ಯಾರೂ ಹೇಳಲಿಲ್ಲ.

‘ಗ್ರಾಮರ್ ವೀಕು’ ಅಂತ ಹೇಳಿ ಮುಗಿಸಿಬಿಡೋದು ಸುಲಭ. ಆದರೆ ಇದೇ ತಪ್ಪನ್ನ ಚೀನೀ ಭಾಷೆ ಮಾತಾಡೋ ಮಕ್ಕಳೂ ಮಾಡ್ತಾರೆ. ಇಂಗ್ಲೆಂಡಿನ ಜನಸಾಮಾನ್ಯರೂ ಇದರ ಹತ್ತಿರದ ಒಂದು ತಪ್ಪನ್ನ ನೂರಾರು ವರ್ಷದಿಂದ ಮಾಡ್ತಾ ಬಂದಿದ್ದಾರೆ. ಇಷ್ಟು ಜನ ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲು ಇದೆ ಅಂತಲೇ ಅರ್ಥ. ಆ ಕಲ್ಲು ಎಲ್ಲಿಂದ ಬಂತು ನೋಡೋಣ.

ಹೌದು ಮತ್ತು ಇಲ್ಲದ ನಡುವಿನ ಜಾಗ

ನಾನು ಓದಿದ್ದು ಕಾಮರ್ಸ್. ಅಲ್ಲಿ ಸಾಲಗಾರರ ಪಟ್ಟಿಯನ್ನ ಮೂರು ಭಾಗ ಮಾಡೋಕೆ ಹೇಳಿಕೊಡ್ತಾರೆ. ದುಡ್ಡು ಬರುತ್ತೆ ಅನ್ನೋದು ಒಂದು. ದುಡ್ಡು ಬರಲ್ಲ ಅನ್ನೋದು ‘ಬ್ಯಾಡ್ ಡೆಟ್’. ಇವೆರಡರ ಮಧ್ಯೆ ‘ಡೌಟ್‌ಫುಲ್ ಡೆಟ್’. ನಮ್ಮೂರ ಮಾತಲ್ಲಿ ‘ಬರೋದು ಕಷ್ಟ’. ಅದಕ್ಕೆ ಲಾಭದಲ್ಲಿ ಒಂದಿಷ್ಟು ತೆಗೆದು ಮೊದಲೇ ಪಕ್ಕಕ್ಕಿಡಬೇಕು. ಬ್ಯಾಂಕುಗಳಲ್ಲೂ ಹೀಗೇ. ಕಂತು ತೊಂಬತ್ತು ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ ಆಗುತ್ತೆ, 2004ರಿಂದ ಈ ಲೆಕ್ಕ. ಆಮೇಲೆ ಅದು ‘ಸಬ್‌ಸ್ಟ್ಯಾಂಡರ್ಡ್’, ನಂತರ ‘ಡೌಟ್‌ಫುಲ್’, ಕೊನೆಗೆ ‘ಲಾಸ್’. ಅಂದ್ರೆ ‘ಇಲ್ಲ’ ಅನ್ನೋದು ಒಂದೇ ಏಟಿಗೆ ಬರಲ್ಲ, ಮೆಟ್ಟಿಲು ಇಳಿದು ಬರುತ್ತೆ.

ಭಾಷೆಯಲ್ಲೂ ಆ ಮೆಟ್ಟಿಲುಗಳಿವೆ. ಪೂರ್ತಿ ‘ಇಲ್ಲ’ ಅಲ್ಲ, ಆದರೆ ‘ಇದೆ’ ಅನ್ನೋಕೂ ಬಾಯಿ ಬರಲ್ಲ. ಇಂಗ್ಲಿಷಲ್ಲಿ ಹಾರ್ಡ್ಲಿ, ಸ್ಕೇರ್ಸ್‌ಲಿ, ಬೇರ್ಲಿ, ಸೆಲ್ಡಮ್, ರೇರ್ಲಿ. ಕನ್ನಡದಲ್ಲಿ? ಲೆಕ್ಕ ಹಾಕಿ ನೋಡಿ, ನಮ್ಮದು ಬಡ ಅಂಗಡಿ ಅಲ್ಲ. ‘ಅಷ್ಟಕ್ಕಷ್ಟೆ’, ‘ಅಪರೂಪಕ್ಕೆ’, ‘ಇದ್ದೂ ಇಲ್ಲದಂಗೆ’, ‘ನೆಪಕ್ಕೆ’, ‘ನಾಮಕಾವಸ್ತೆ’, ‘ಎಲ್ಲೋ ಒಂದು’, ‘ಅಷ್ಟಾಗಿ ಇಲ್ಲ’. ಇದೆಲ್ಲದರ ಮೇಲೆ ‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದ್ಸಲ’.

ಈ ಕೊನೇದು ಮಾತ್ರ ನಮ್ಮ ಕಾಮಗೆರೆ ರಸ್ತೆಯಲ್ಲಿ ಸರಿಯಾಗಿ ಕೂರಲ್ಲ. ಕೊಳ್ಳೇಗಾಲದಿಂದ ಹನೂರು, ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟ. ಅಮಾವಾಸ್ಯೆ ಬಂತು ಅಂದ್ರೆ ಬಸ್ಸಲ್ಲಿ ನಿಲ್ಲೋಕೂ ಜಾಗ ಇರಲ್ಲ. ‘ಅವನು ಅಮಾವಾಸ್ಯೆಗೆ ಬತ್ತಾನೆ’ ಅಂದ್ರೆ ನಮ್ಮ ಕಡೆ ‘ತಪ್ಪದೇ ಬತ್ತಾನೆ’ ಅಂತ ಅರ್ಥ ಆದ್ರೂ ಆಶ್ಚರ್ಯ ಇಲ್ಲ!

ಕನ್ನಡದ ಕಿವಿ ಕೊನೆಯವರೆಗೆ ಕಾಯುತ್ತೆ

ಈಗ ತಾಂತ್ರಿಕ ವಿಷಯಕ್ಕೆ ಬರೋಣ, ಭಯ ಬೇಡ. ಕನ್ನಡ ವಾಕ್ಯದಲ್ಲಿ ‘ಇಲ್ಲ’ ಎಲ್ಲಿರುತ್ತೆ? ಕೊನೆಯಲ್ಲಿ. ‘ನಾನು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮೈಸೂರಿಗೆ ಹೋಗ್ತಾ...’ ಇಲ್ಲಿವರೆಗೆ ನಿಮಗೆ ಏನೂ ಗೊತ್ತಾಗಲಿಲ್ಲ. ‘ಇದೀನಿ’ ಅಂತ ಬರುತ್ತೋ ‘ಇಲ್ಲ’ ಅಂತ ಬರುತ್ತೋ, ಕೊನೆ ಅಕ್ಷರದವರೆಗೆ ಕಾಯಬೇಕು. ನಮ್ಮ ಕಿವಿ ಚಿಕ್ಕಂದಿನಿಂದ ಹೀಗೆ ತರಬೇತಿ ಆಗಿದೆ.

ನಮ್ಮ ‘ಅಷ್ಟಾಗಿ’ ಅನ್ನೋ ಪದ ನೋಡಿ. ‘ಅವನು ಅಷ್ಟಾಗಿ ಮಾತಾಡಲ್ಲ.’ ಇಲ್ಲಿ ‘ಅಷ್ಟಾಗಿ’ ಒಂದೇ ಬಂದ್ರೆ ಸಾಲದು, ಹಿಂದೆ ‘ಅಲ್ಲ’, ‘ಇಲ್ಲ’ ಬರಲೇಬೇಕು. ‘ಅವನು ಅಷ್ಟಾಗಿ ಮಾತಾಡ್ತಾನೆ’ ಅಂದ್ರೆ ಕೇಳೋನು ‘ಎಷ್ಟಾಗಿ?’ ಅಂತ ಕೇಳ್ತಾನೆ.

ಇಂಗ್ಲಿಷಿನ ‘ಹಾರ್ಡ್ಲಿ’ ಹಾಗಲ್ಲ. ಅದು ತಾನೇ ‘ಇಲ್ಲ’ವನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ‘ಹಿ ಹಾರ್ಡ್ಲಿ ಸ್ಪೀಕ್ಸ್.’ ಎಲ್ಲೂ ‘ನಾಟ್’ ಇಲ್ಲ, ‘ನೋ’ ಇಲ್ಲ. ಕನ್ನಡದ ಕಿವಿ ಕೊನೆಯವರೆಗೆ ಕಾಯುತ್ತೆ, ‘ನಾಟ್’ ಬರಲೇ ಇಲ್ಲ, ಹಾಗಾದ್ರೆ ಮಾತಾಡ್ತಾನೆ ಅಂತ ತೀರ್ಮಾನ ಮಾಡುತ್ತೆ. ಬರೆಯುವಾಗ ಉಲ್ಟಾ. ನಾವೇ ಒಂದು ‘ನಾಟ್’ ಸೇರಿಸಿ ‘ಹಿ ಡಸ್ ನಾಟ್ ಹಾರ್ಡ್ಲಿ ಸ್ಪೀಕ್’ ಅಂತೀವಿ. ‘ಹಾರ್ಡ್’ ಅನ್ನೋ ಪರಿಚಯದ ಮುಖ ಕಂಡು ‘ಕಷ್ಟಪಟ್ಟು’ ಅಂತ ಅರ್ಥ ಹಚ್ಚೋದು ಇನ್ನೊಂದು ಗುಂಡಿ.

ಇದೇ ಸಮಸ್ಯೆ ಚೀನೀ ಭಾಷೆಯಲ್ಲೂ ಇದೆ. ಅಲ್ಲಿ ‘ಹಾರ್ಡ್ಲಿ’ಗೆ ಹತ್ತಿರದ ಮಾತು ‘ಜೀಹೂ ಬೂ’. ‘ಜೀಹೂ’ ಅಂದ್ರೆ ‘ಹೆಚ್ಚುಕಮ್ಮಿ’, ‘ಬೂ’ ಅಂದ್ರೆ ‘ಇಲ್ಲ, ಅಲ್ಲ’. ಎರಡು ಬೇರೆ ಬೇರೆ ಪದ, ಎರಡೂ ಕಣ್ಣಿಗೆ ಕಾಣುತ್ತೆ. ಹೀಗಾಗಿ ಅವರ ಮಕ್ಕಳು ‘ಹಾರ್ಡ್ಲಿ’ಯನ್ನ ಬರೀ ‘ಜೀಹೂ’ ಅಂದುಕೊಂಡು ಪಕ್ಕದಲ್ಲಿ ‘ನಾಟ್’ ಇಡ್ತಾರೆ. ನಾವು ವಾಕ್ಯದ ಕೊನೆಯಲ್ಲಿ ‘ಇಲ್ಲ’ ಇಡೋ ಜನ, ಅವರು ಕ್ರಿಯಾಪದದ ಮುಂದೆ ಇಡೋ ಜನ. ಇಬ್ಬರಿಗೂ ‘ಇಲ್ಲ’ ಕಣ್ಣಿಗೆ ಕಾಣಬೇಕು. ಕಾಣದೇ ಇದ್ರೆ ನಂಬಿಕೆ ಬರಲ್ಲ.

ಹಳಗನ್ನಡದಲ್ಲಿ ಕಾಣದ ‘ಇಲ್ಲ’

ಇಲ್ಲಿ ಒಂದು ಸ್ವಾರಸ್ಯ ಇದೆ. ‘ಇಲ್ಲ’ ಅನ್ನೋ ಪದವೇ ಇಲ್ಲದೆ ‘ಇಲ್ಲ’ ಅನ್ನೋ ವಿದ್ಯೆ ಒಂದು ಕಾಲಕ್ಕೆ ನಮಗೇ ಗೊತ್ತಿತ್ತು.

‘ನೋಡಿದೆನು’ ಅಂದ್ರೆ ನೋಡಿದೆ. ‘ನೋಡುವೆನು’ ಅಂದ್ರೆ ನೋಡ್ತೀನಿ. ಈಗ ನಡುವೆ ಇರೋ ಕಾಲದ ಗುರುತನ್ನ ತೆಗೆದುಬಿಡಿ. ‘ನೋಡೆನು.’ ಅರ್ಥ? ‘ನೋಡಲ್ಲ.’ ಭೂತಕಾಲದ ಗುರುತೂ ಇಲ್ಲ, ಭವಿಷ್ಯದ ಗುರುತೂ ಇಲ್ಲ, ಆ ಖಾಲಿ ಜಾಗವೇ ‘ಇಲ್ಲ’. ಸುಮಾರು 1260ರ ಹೊತ್ತಿಗೆ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಈ ರೂಪಗಳು ಭಾಷೆಯ ಜೀವಾಳವಾಗಿದ್ದವು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಕೂಡ ಕಾಲದ ಗುರುತಿಲ್ಲದ ಈ ನಿಷೇಧ ರೂಪವನ್ನ ವಿಶೇಷವಾಗಿ ಚರ್ಚೆ ಮಾಡಿದ್ದಾರೆ.

ಇದು ಸತ್ತುಹೋದ ವಿಷಯ ಅಂದ್ಕೋಬೇಡಿ. ‘ಒಲ್ಲೆ’, ‘ಅರಿಯೆ’, ‘ತಾಳಲಾರೆ’, ‘ಸಾಲದು’, ‘ಕೂಡದು’ ಎಲ್ಲ ಇದೇ ಮನೆತನದವು. ಪೊಲೀಸ್ ಸ್ಟೇಷನ್ ಬೋರ್ಡಿನಲ್ಲಿ ‘ಕಾಣೆಯಾಗಿದ್ದಾರೆ’ ಅಂತ ಇರುತ್ತಲ್ಲ? ‘ಕಾಣೆ’ ಅಂದ್ರೆ ‘ನಾನು ಕಾಣಲ್ಲ, ನನಗೆ ಕಾಣ್ತಿಲ್ಲ’. ಹಳಗನ್ನಡದ ಒಂದು ಕ್ರಿಯಾಪದ ಇವತ್ತು ಫೋಟೋ ಸಮೇತ ವಾಟ್ಸಾಪಲ್ಲಿ ಓಡಾಡ್ತಿದೆ.

ಶತಮಾನಗಳು ಉರುಳಿದಂತೆ ಈ ಖಾಲಿ ಜಾಗದ ‘ಇಲ್ಲ’ ಹಿಂದೆ ಸರಿಯಿತು. ಮೊದಲು ‘ಇರುವುದಿಲ್ಲ, ಅಸ್ತಿತ್ವ ಇಲ್ಲ’ ಅನ್ನೋದಕ್ಕಿದ್ದ ‘ಇಲ್ಲ’ ಅನ್ನೋ ಪದ ಬೇರೆ ಕ್ರಿಯಾಪದಗಳ ಬೆನ್ನಿಗೂ ಅಂಟಿಕೊಂಡಿತು. ‘ನೋಡೆನು’ ಹೋಗಿ ‘ನೋಡುವುದಿಲ್ಲ’ ಬಂತು, ಅದು ಸವೆದು ‘ನೋಡಲ್ಲ’ ಆಯ್ತು. ಕಾಣದ ‘ಇಲ್ಲ’ದ ಜಾಗಕ್ಕೆ ಕಾಣೋ ‘ಇಲ್ಲ’ ಬಂತು.

ಬೇರೆ ಭಾಷೆಗಳಲ್ಲೂ ನಿಷೇಧದ ಪದಗಳು ಹೀಗೇ ಸವೆದು, ಹೊಸದು ಬಂದು ಸೇರುತ್ತೆ. ಡೆನ್ಮಾರ್ಕಿನ ಪಂಡಿತ ಒಟ್ಟೊ ಯೆಸ್ಪರ್ಸನ್ 1917ರಲ್ಲಿ ನಿಷೇಧದ ಬಗ್ಗೆಯೇ ಒಂದು ಪುಸ್ತಕ ಬರೆದು ಇದನ್ನ ತೋರಿಸಿದರು. ಅದೇ ಪುಸ್ತಕದಲ್ಲಿ ‘ಹಾರ್ಡ್ಲಿ’, ‘ಸ್ಕೇರ್ಸ್‌ಲಿ’ ಥರದ ಅರೆ ನಿಷೇಧಗಳ ಚರ್ಚೆಯೂ ಇದೆ.

ಕಷ್ಟ ಹೇಗೆ ‘ಇಲ್ಲ’ ಆಯ್ತು

ಈಗ ಇಂಗ್ಲಿಷ್ ಕಡೆ ಹೋಗೋಣ. ಹಳೆ ಇಂಗ್ಲಿಷಲ್ಲಿ ‘ಹಾರ್ಡ್ಲಿ’ಯ ಪೂರ್ವಜ ಪದಕ್ಕೆ ‘ಗಟ್ಟಿಯಾಗಿ, ಧೈರ್ಯವಾಗಿ, ಕಠಿಣವಾಗಿ’ ಅಂತ ಅರ್ಥ ಇತ್ತು. ಆಮೇಲೆ ‘ಕಷ್ಟದಿಂದ’ ಅಂತಾಯ್ತು. ಹದಿನಾರನೇ ಶತಮಾನದ ಹೊತ್ತಿಗೆ ‘ಕಷ್ಟದಿಂದ’ ಅನ್ನೋದು ‘ಆಗಿದ್ದು ಇಲ್ಲ ಅನ್ನೋ ಹಾಗೆ’ ಅನ್ನೋ ಕಡೆ ವಾಲಿತು. ‘ಕಷ್ಟಪಟ್ಟು ಏಳ್ತಾನೆ’ ಅನ್ನೋದು ನಿಧಾನಕ್ಕೆ ‘ಏಳೋದೇ ಇಲ್ಲ ಅನ್ನಬಹುದು’ ಅಂತಾಯ್ತು. ‘ಬೇರ್ಲಿ’ಯದ್ದೂ ಇಂಥದ್ದೇ ಕಥೆ. ‘ಬೇರ್’ ಅಂದ್ರೆ ಬೆತ್ತಲೆ, ಬರಿದು. ಮೊದಲು ‘ಬಯಲಾಗಿ, ಸ್ಪಷ್ಟವಾಗಿ’ ಅಂತಿದ್ದದ್ದು ಕೊನೆಗೆ ‘ಬರೀ ಅಷ್ಟೇ, ಅದಕ್ಕಿಂತ ಒಂದು ಕೂದಲು ಕಮ್ಮಿ ಆದ್ರೂ ಇಲ್ಲ’ ಅಂತಾಯ್ತು.

‘ಕಷ್ಟ’ ಅನ್ನೋದು ‘ಇಲ್ಲ’ದ ಹತ್ತಿರ ಹೋಗೋದು ವಿಚಿತ್ರ ಅನಿಸ್ತಾ? ನಮ್ಮೂರ ಕಟ್ಟೆ ಮೇಲೆ ಕೂತ ಹಿರಿಯರ ಮಾತು ಕೇಳಿ. ‘ಈ ಸಲ ಮಳ ಬರದು ಕಷ್ಟ ಕನಪ್ಪ.’ ಮಳೆಗೆ ಏನು ಕಷ್ಟ? ಅದಕ್ಕೇನು ಕಾಲು ನೋವಾ? ಇಲ್ಲ. ‘ಬರಲ್ಲ ಅಂತಲೇ ಅಂದ್ಕೋ, ಆದ್ರೆ ಪೂರ್ತಿ ಬರಲ್ಲ ಅಂತ ನನ್ನ ಬಾಯಲ್ಲಿ ಹೇಳಿಸಬೇಡ’ ಅಂತ ಅದರ ಅರ್ಥ. ‘ಆ ಸಾಲ ವಾಪಸ್ ಬರೋದು ಕಷ್ಟ.’ ‘ಅವರಿಬ್ಬರೂ ಕೂಡೋದು ಕಷ್ಟ.’ ಆಸ್ಪತ್ರೆ ಕಾರಿಡಾರಲ್ಲಿ ಹೇಳೋ ‘ಉಳಿಯೋದು ಕಷ್ಟ’. ಎಲ್ಲ ಕಡೆ ‘ಕಷ್ಟ’ ಅನ್ನೋದು ‘ಇಲ್ಲ’ಕ್ಕೆ ಹೊದಿಸಿದ ಬಟ್ಟೆ.

ಚೀನೀ ಭಾಷೆಯಲ್ಲೂ ಇದೇ ದಾರಿ ಇದೆ. ಅಲ್ಲಿ ‘ನಾನ್‌ದ’ ಅಂತ ಒಂದು ಪದ. ‘ನಾನ್’ ಅಂದ್ರೆ ಕಷ್ಟ, ‘ದ’ ಅಂದ್ರೆ ಸಿಗೋದು. ಕಷ್ಟಕ್ಕೆ ಸಿಗೋದು, ಅಂದ್ರೆ ಅಪರೂಪ. ‘ಅವನು ನಾನ್‌ದ ಬರ್ತಾನೆ’ ಅಂದ್ರೆ ‘ಬರೋದು ಬಲು ಅಪರೂಪ’. ಹೀಗೆ ಲಂಡನ್, ಬೀಜಿಂಗ್, ಕಾಮಗೆರೆ, ಮೂರೂ ಕಡೆ ‘ಕಷ್ಟ’ ಅನ್ನೋ ಪದ ಬಾಗಿ ಬಾಗಿ ‘ಇಲ್ಲ’ದ ಹತ್ತಿರ ಹೋಗಿದೆ.

ಹಾಗಾಗಿ ‘ಹಾರ್ಡ್ಲಿ’ ಕಲಿಯೋಕೆ ನಮಗೆ ಮೇಷ್ಟ್ರು ಕೊಡಬೇಕಾದ ಕೀಲಿ ನಮ್ಮ ಜೇಬಲ್ಲೇ ಇದೆ. ‘ಹಾರ್ಡ್’ ಅಂದ್ರೆ ‘ಕಷ್ಟಪಟ್ಟು’ ಅನ್ನೋ ಕಷ್ಟ. ‘ಹಾರ್ಡ್ಲಿ’ ಅಂದ್ರೆ ‘ಬರೋದು ಕಷ್ಟ’ ಅನ್ನೋ ಕಷ್ಟ. ಎರಡು ಕಷ್ಟಕ್ಕೂ ಇರೋ ವ್ಯತ್ಯಾಸ ಕನ್ನಡದ ಐದು ವರ್ಷದ ಮಗುವಿಗೂ ಗೊತ್ತು.

ಬಳ್ಳಾರಿ 1824, ಮಕಾವ್ 1823

ಹಾಗಾದ್ರೆ ಈ ಪದ ನಮ್ಮ ಹತ್ತಿರ ಬಂದಿದ್ದು ಹೇಗೆ? 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದವರು ರಾಜ್ಯ ಹಂಚಿಕೊಂಡಾಗ ಮೈಸೂರು ಒಡೆಯರಿಗೆ ಒಂದು ಭಾಗ ಹೋಯ್ತು. ಆದರೆ ಕೊಳ್ಳೇಗಾಲದ ಸೀಮೆ ಕೊಯಮತ್ತೂರಿನ ಜೊತೆ ನೇರ ಕಂಪನಿಯ ಕೈಗೆ ಹೋಯ್ತು. ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯ ಕಂಪನಿಯ ಪರವಾಗಿ ಈ ದಾರಿಯಲ್ಲೇ ಹನೂರು, ಕೌದಳ್ಳಿ ಕಡೆಯಿಂದ ಕಾವೇರಿಪುರಕ್ಕೆ ಇಳಿದು ಹೋದ, ನೆಲ, ಬೆಳೆ, ಜನ ಎಲ್ಲ ಬರೆದುಕೊಂಡ. ಅಲ್ಲಿಂದ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ನೂರೈವತ್ತು ವರ್ಷಕ್ಕೂ ಮೇಲೆ.

ಇದನ್ನ ಒಬ್ಬ ರೈತನ ಕಡೆಯಿಂದ ನೋಡಿ. ಮಾತು ಕನ್ನಡ. ಜಿಲ್ಲಾ ಕೇಂದ್ರದ ಮಾತು ತಮಿಳು. ಕಲೆಕ್ಟರ್ ಫೈಲಿನ ಮಾತು ಇಂಗ್ಲಿಷ್. ಮದ್ರಾಸ್ ಪ್ರಾಂತ್ಯದಲ್ಲಿ ಥಾಮಸ್ ಮನ್ರೊ ಬೇರೂರಿಸಿದ ರೈತವಾರಿ ಪದ್ಧತಿಯಲ್ಲಿ ಜಮೀನ್ದಾರ ನಡುವೆ ಇಲ್ಲ, ರೈತ ಮತ್ತು ಸರ್ಕಾರ ನೇರ. ಪ್ರತಿ ವರ್ಷ ಜಮಾಬಂದಿ. ಬೆಳೆ ಕೈಕೊಟ್ಟರೆ ಕಂದಾಯದಲ್ಲಿ ರಿಯಾಯಿತಿ ಕೇಳಬೇಕು. ‘ಬೆಳೆ ಇಲ್ಲ ಬುದ್ಧಿ’ ಅನ್ನೋದಕ್ಕೂ ‘ಬೆಳೆ ಅಷ್ಟಕ್ಕಷ್ಟೆ ಬುದ್ಧಿ’ ಅನ್ನೋದಕ್ಕೂ ಇರೋ ದೂರ ಎಷ್ಟು? ವ್ಯಾಕರಣದಲ್ಲಿ ಒಂದು ಪದ. ಮನೆಯಲ್ಲಿ ಒಂದು ವರ್ಷದ ರಾಗಿ.

ಸರ್ಕಾರಗಳಿಗೂ ಈ ನಡುವಿನ ಜಾಗ ತಲೆನೋವೇ. ಅದಕ್ಕೇ ಬ್ರಿಟಿಷ್ ಭಾರತದ ಹಲವು ಕಡೆ ಬೆಳೆಯನ್ನ ಆಣೆಯಲ್ಲಿ ಅಳೆಯೋ ಪದ್ಧತಿ ಬಂತು. ಪೂರ್ತಿ ಬೆಳೆ ಅಂದ್ರೆ ಹದಿನಾರಾಣೆ. ಎಂಟಾಣೆ ಅಂದ್ರೆ ಅರ್ಧ. ನಾಲ್ಕಾಣೆ ಅಂದ್ರೆ ಕಾಲು. ‘ಹಾರ್ಡ್ಲಿ’ ಅನ್ನೋ ಪದಕ್ಕೆ ಅಧಿಕಾರಿಗಳು ಹಾಕಿದ ಅಂಕಿ ಅದು. ಆಣೆ ಚಲಾವಣೆಯಿಂದ ಹೋಗಿ ಎಷ್ಟು ಕಾಲ ಆಯ್ತು, ಆದರೂ ‘ಈ ಸಲ ನಾಲ್ಕಾಣೆ ಬೆಳೆನೂ ಇಲ್ಲ’ ಅನ್ನೋ ಮಾತು ಇನ್ನೂ ಕೇಳಿಸುತ್ತೆ.

ಇದೇ ಕಾಲದಲ್ಲಿ ಲಂಡನ್ ಮಿಷನರಿ ಸೊಸೈಟಿ ಅನ್ನೋ ಸಂಸ್ಥೆ ಎರಡು ದಿಕ್ಕಿಗೆ ಜನ ಕಳಿಸಿತ್ತು. ಒಬ್ಬರು ರಾಬರ್ಟ್ ಮಾರಿಸನ್, 1807ರಲ್ಲಿ ಚೀನಾದ ಕ್ಯಾಂಟನ್‌ಗೆ ಬಂದವರು. ಇನ್ನೊಬ್ಬರು ವಿಲಿಯಂ ರೀವ್, ನಮ್ಮ ಬಳ್ಳಾರಿಗೆ ಬಂದವರು. ಮಾರಿಸನ್ 1815ರಿಂದ 1823ರವರೆಗೆ ಮಕಾವ್‌ನಲ್ಲಿ ಚೀನೀ ಭಾಷೆಯ ದೊಡ್ಡ ನಿಘಂಟು ಅಚ್ಚು ಹಾಕಿಸಿದರು. ಅಚ್ಚಿನ ಮನೆ ಅದೇ ಈಸ್ಟ್ ಇಂಡಿಯಾ ಕಂಪನಿಯದ್ದು. 1823ರಲ್ಲೇ ಚೀನೀ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್ ವ್ಯಾಕರಣದ ಒಂದು ಪುಸ್ತಕವನ್ನೂ ತಂದರು. ಒಂದು ವರ್ಷ ಬಿಟ್ಟು, 1824ರಲ್ಲಿ, ರೀವ್ ಅವರ ಇಂಗ್ಲಿಷ್-ಕರ್ನಾಟಕ ನಿಘಂಟು ಮದ್ರಾಸಿನಲ್ಲಿ ಅಚ್ಚಾಯಿತು.

ಒಂದೇ ಸಂಸ್ಥೆ, ಒಂದೇ ದಶಕ. ಚೀನೀಯರೂ ನಾವೂ ಇಂಗ್ಲಿಷನ್ನ ಅಚ್ಚಿನ ಪುಸ್ತಕದಲ್ಲಿ ಎದುರಾಗಿದ್ದು ಹೆಚ್ಚುಕಮ್ಮಿ ಒಟ್ಟಿಗೇ. ಆಮೇಲೆ ದಾರಿಗಳು ಬೇರೆಯಾದವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಅತ್ತ ಚೀನಾದಲ್ಲಿ ಯಾನ್ ಫು ಅನ್ನೋ ಹೆಸರಾಂತ ಅನುವಾದಕ 1904ರಲ್ಲಿ ಚೀನೀಯರಿಗಾಗಿ ಚೀನೀ ಭಾಷೆಯಲ್ಲೇ ಇಂಗ್ಲಿಷ್ ವ್ಯಾಕರಣ ವಿವರಿಸಿ ಪುಸ್ತಕ ಬರೆದರು.

ಈ ಕೊನೆ ವಿಷಯ ಸ್ವಲ್ಪ ಗಮನಿಸಿ. ‘ಅವರ ಭಾಷೆಯಲ್ಲೇ ವಿವರಿಸಿ.’ ನಮ್ಮಲ್ಲಿ ಬಹಳಷ್ಟು ಹೈಸ್ಕೂಲುಗಳಲ್ಲಿ ಮೆರೆದ ಪುಸ್ತಕ ಯಾವುದು? ರೆನ್ ಅಂಡ್ ಮಾರ್ಟಿನ್. 1930ರ ದಶಕದ ಪುಸ್ತಕ, ಪೂರ್ತಿ ಇಂಗ್ಲಿಷಲ್ಲಿ. ಒಳ್ಳೇ ಪುಸ್ತಕ, ಇಲ್ಲ ಅನ್ನಲ್ಲ. ಆದರೆ ಕನ್ನಡದ ‘ಇಲ್ಲ’ ಎಲ್ಲಿ ಕೂರುತ್ತೆ, ಇಂಗ್ಲಿಷಿನ ‘ಇಲ್ಲ’ ಎಲ್ಲಿ ಅಡಗುತ್ತೆ ಅಂತ ಪಕ್ಕಪಕ್ಕ ಇಟ್ಟು ತೋರಿಸೋದು ಅದರ ಕೆಲಸ ಆಗಿರಲಿಲ್ಲ. ‘ಹಾರ್ಡ್ಲಿ ಹ್ಯಾಡ್ ಐ... ವೆನ್’ ಅನ್ನೋದನ್ನ ‘ನೋ ಸೂನರ್... ದ್ಯಾನ್’ ಮಾಡಿ ಅಂತ ಎರಡು ಮಾರ್ಕಿಗೆ ಪ್ರಶ್ನೆ ಬರುತ್ತೆ, ನಾವು ಬಾಯಿಪಾಠ ಮಾಡ್ತೀವಿ, ಮಾರ್ಕು ಬರುತ್ತೆ. ‘ಅವಳು ಹಾರ್ಡ್ಲಿ ಊಟ ಮಾಡ್ತಾಳೆ’ ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ಅವಳು ತಿಂದಳೋ ಇಲ್ವೋ ಗೊತ್ತಾಗಲ್ಲ.

ನಮ್ಮ ಕಡೆಯವರಿಗೆ ಭಾಷೆಗಳ ನಡುವೆ ಓಡಾಡೋದು ಹೊಸದೇನಲ್ಲ. ಕೊಳ್ಳೇಗಾಲದಲ್ಲಿ 1845ರಲ್ಲಿ ಹುಟ್ಟಿದ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನ ಕನ್ನಡಕ್ಕೆ ತಂದವರು. ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನ ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿಯಲ್ಲಿ ಕಥೆ ಮಾಡಿದ್ದರು, ಅದನ್ನ ‘ಭ್ರಾಂತಿವಿಲಾಸ’ ಅಂತ ಕನ್ನಡಕ್ಕೆ ತಂದವರೂ ಇವರೇ. ಇವತ್ತಿಗೂ ಕಾಮಗೆರೆಯಲ್ಲಿ ಬಸ್ ಹತ್ತಿದ್ರೆ ಕನ್ನಡ, ಮಾರ್ಟಳ್ಳಿ ಕಡೆಯ ತಮಿಳು, ಬೆಟ್ಟದ ಸೋಲಿಗರ ಮಾತು, ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನವರ ಮಾತು, ಎಲ್ಲ ಒಂದೇ ಬಸ್ಸಲ್ಲಿ. ಟಿಬೆಟನ್ ಭಾಷೆ ಚೀನೀ ಭಾಷೆಗಿಂತ ಬೇರೆ, ಅದರಲ್ಲಿ ಕ್ರಿಯಾಪದ ಕನ್ನಡದ ಹಾಗೆ ವಾಕ್ಯದ ಕೊನೆಗೆ ಬರುತ್ತೆ. ಇಂಥ ಊರಿನ ಮಕ್ಕಳಿಗೆ ‘ಭಾಷೆ ತಲೆಗೆ ಹತ್ತಲ್ಲ’ ಅಂತ ಹೇಳೋದು ಅನ್ಯಾಯ.

ಇಂಗ್ಲಿಷರೂ ಎಡವಿದ ಕಲ್ಲು

ಈಗ ಇಂಗ್ಲೆಂಡಿನ ಜನಸಾಮಾನ್ಯರ ವಿಷಯ. ಒಂದು ಕಾಲದ ಇಂಗ್ಲಿಷಲ್ಲಿ ಎರಡು ಮೂರು ‘ಇಲ್ಲ’ ಒಟ್ಟಿಗೆ ಬಂದ್ರೆ ‘ಇಲ್ಲ’ ಇನ್ನೂ ಗಟ್ಟಿಯಾಗ್ತಿತ್ತು. ನಾವು ‘ಇಲ್ಲವೇ ಇಲ್ಲ’ ಅಂತೀವಲ್ಲ, ಹಾಗೆ. ಚಾಸರ್ ಹಾಗೆ ಬರೆದ, ಶೇಕ್ಸ್‌ಪಿಯರ್ ಹಾಗೆ ಬರೆದ. 1760ರ ದಶಕದಲ್ಲಿ ರಾಬರ್ಟ್ ಲೌತ್ ಅನ್ನೋ ಪಾದ್ರಿ ತನ್ನ ವ್ಯಾಕರಣದಲ್ಲಿ ಗಣಿತದ ಥರ ಹೇಳಿದ: ಎರಡು ಇಲ್ಲ ಸೇರಿದ್ರೆ ಹೌದು. ಇದು ಶಾಲೆಗಳಲ್ಲಿ ಕಾನೂನಿನ ಹಾಗೆ ಬೇರೂರಿತು. ‘ಹಾರ್ಡ್ಲಿ’ ಕೂಡ ‘ಇಲ್ಲ’ದ ಗುಂಪಿಗೆ ಸೇರಿದ್ದರಿಂದ ‘ಕಾಂಟ್ ಹಾರ್ಡ್ಲಿ’ ಅನ್ನೋದು ತಪ್ಪಾಯ್ತು. ಆದರೂ ಇಂಗ್ಲೆಂಡ್, ಅಮೆರಿಕದ ಬೀದಿಗಳಲ್ಲಿ ಜನ ‘ಐ ಕಾಂಟ್ ಹಾರ್ಡ್ಲಿ ವೆಯ್ಟ್’ ಅಂತ ಇವತ್ತಿಗೂ ಹೇಳ್ತಾರೆ. ಅವರಿಗೂ ‘ಹಾರ್ಡ್ಲಿ’ ಒಳಗಿನ ‘ಇಲ್ಲ’ ಸಾಲಲ್ಲ.

ಚೀನೀಯರಲ್ಲಿ ಇನ್ನೂ ಮಜಾ. ‘ಇನ್ನೇನು ಬಿದ್ದೇಬಿಡ್ತಿದ್ದೆ’ ಅನ್ನೋದಕ್ಕೆ ಅವರು ‘ಇಲ್ಲ’ ಸೇರಿಸಿದ್ರೂ, ಬಿಟ್ರೂ ಅರ್ಥ ಒಂದೇ: ಬೀಳಲಿಲ್ಲ. ಆದರೆ ‘ಪಾಸ್ ಆಗೋದು’ ಥರ ಬೇಕಾದ ವಿಷಯಕ್ಕೆ ‘ಇಲ್ಲ’ ಸೇರಿಸಿದ್ರೆ ‘ಅಂತೂ ಇಂತೂ ಪಾಸ್ ಆದೆ’ ಅಂತ, ಬಿಟ್ರೆ ‘ಸ್ವಲ್ಪದರಲ್ಲಿ ಫೇಲ್’ ಅಂತ. ಕೆಟ್ಟದ್ದಕ್ಕೆ ಒಂದು ನ್ಯಾಯ, ಒಳ್ಳೇದಕ್ಕೆ ಇನ್ನೊಂದು. ಜು ದೆಶಿ ಅನ್ನೋ ಚೀನೀ ಭಾಷಾ ವಿದ್ವಾಂಸರು 1959ರಲ್ಲಿ ಈ ಬಗ್ಗೆ ಬರೆದ ಲೇಖನ ಇವತ್ತಿಗೂ ಪ್ರಸಿದ್ಧ. ಅಂದ್ರೆ ಮನುಷ್ಯನ ಬಾಯಿ ಯಾವ ದೇಶದಲ್ಲೂ ಲೌತ್ ಪಾದ್ರಿಯ ಗಣಿತ ಕೇಳಲ್ಲ.

ಹಾಗಾದ್ರೆ ಏನು ಮಾಡೋಣ?

ಚರಿತ್ರೆ ಸಾಕು, ಕೆಲಸಕ್ಕೆ ಬರೋ ಮಾತು. ಫೋನಲ್ಲಿ ನೋಟ್ ಮಾಡ್ಕೊಳ್ಳಿ.

ಒಂದು, ‘ಹಾರ್ಡ್ಲಿ’ ಕೇಳಿದ ತಕ್ಷಣ ಮನಸ್ಸಲ್ಲೇ ‘ಇಲ್ಲ ಅನ್ನೋ ಹಾಗೆ’ ಅಂತ ಹಾಕ್ಕೊಳ್ಳಿ, ಕೊನೆಯವರೆಗೆ ಕಾಯಬೇಡಿ. ‘ದೇರ್ ಈಸ್ ಹಾರ್ಡ್ಲಿ ಎನಿ ವಾಟರ್’ ಅಂದ್ರೆ ನೀರು ಇಲ್ಲ ಅನ್ನೋ ಹಾಗೆ.

ಎರಡು, ‘ಹಾರ್ಡ್ಲಿ’ ಇದ್ದ ಕಡೆ ‘ನಾಟ್’ ಬೇಡ. ಒಂದು ಒರೆಯಲ್ಲಿ ಒಂದೇ ಕತ್ತಿ.

ಮೂರು, ಅದರ ಜೊತೆ ‘ಸಮ್’ ಹೋಗಲ್ಲ, ‘ಎನಿ’ ಹೋಗುತ್ತೆ: ಹಾರ್ಡ್ಲಿ ಎನಿ, ಹಾರ್ಡ್ಲಿ ಎನಿವನ್, ಹಾರ್ಡ್ಲಿ ಎವರ್. ಕೊನೇದೇ ನಮ್ಮ ‘ಅಮಾವಾಸ್ಯೆಗೋ ಹುಣ್ಣಿಮೆಗೋ’.

ನಾಲ್ಕು, ಜಾಗ. ಮುಖ್ಯ ಕ್ರಿಯಾಪದದ ಮುಂದೆ, ‘ಕ್ಯಾನ್’, ‘ಕುಡ್’ ಇದ್ರೆ ಅದರ ಹಿಂದೆ: ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು.’ ಕಷ್ಟಪಟ್ಟು ಮಾಡಿದ್ದು ಹೇಳಬೇಕಾದ್ರೆ ‘ಹಾರ್ಡ್’ ಅಷ್ಟೇ, ಕ್ರಿಯಾಪದದ ಹಿಂದೆ: ‘ಐ ವರ್ಕ್ಡ್ ಹಾರ್ಡ್.’ ‘ಲಿ’ ಅಂಟಿಸಬೇಡಿ, ಆ ಎರಡಕ್ಷರ ನಿಮ್ಮ ಮೂರು ವರ್ಷದ ದುಡಿಮೆ ನುಂಗಿಬಿಡುತ್ತೆ.

ಇದು ಮಾರ್ಕಿನ ವಿಷಯ ಮಾತ್ರ ಅಲ್ಲ. ನನಗೆ ಗೊತ್ತಿರೋ ಒಂದು ಮನೆಯಲ್ಲಿ ಅಜ್ಜಿಗೆ ಹುಷಾರಿರಲಿಲ್ಲ. ಒಂದು ಕಡೆ ತೋರಿಸಿ, ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದುಕೊಟ್ಟಿದ್ದರು. ಅದರಲ್ಲಿ ‘ಹಾರ್ಡ್ಲಿ ಈಟಿಂಗ್ ಫಾರ್ ತ್ರೀ ಡೇಸ್’ ಅಂತಿತ್ತು. ಪಿಯುಸಿ ಓದ್ತಿದ್ದ ಮೊಮ್ಮಗ ದಾರಿಯಲ್ಲಿ ಎಲ್ರಿಗೂ ಓದಿ ಹೇಳಿದ, ‘ಕಷ್ಟಪಟ್ಟು ತಿಂತಿದ್ದಾಳೆ ಅಂತ ಬರೆದವ್ರೆ.’ ಮನೆಯವರು ಸಮಾಧಾನ ಆದರು, ತಿಂತಿದ್ದಾಳಲ್ಲ ಸದ್ಯ ಅಂತ. ಅಲ್ಲಿ ಹೋದ ಮೇಲೆ ಚೀಟಿ ನೋಡಿದ ನರ್ಸಮ್ಮ ‘ಮೂರು ದಿನದಿಂದ ಏನೂ ತಿಂದಿಲ್ಲ ಅನ್ನೋ ಹಂಗಿದೆಯಲ್ಲಪ್ಪ, ಬೇಗ ಒಳಗೆ ಕರ್ಕೊಂಡು ಬನ್ನಿ’ ಅಂದ್ರು. ಅಜ್ಜಿ ಈಗ ಚೆನ್ನಾಗಿದ್ದಾರೆ. ಆ ಹುಡುಗನನ್ನ ಯಾರೂ ಬೈಯಲಿಲ್ಲ, ಬೈಬೇಕಾಗಿಯೂ ಇರಲಿಲ್ಲ. ಅವನಿಗೆ ‘ಹಾರ್ಡ್ಲಿ ಹ್ಯಾಡ್ ಐ... ವೆನ್’ ಬಾಯಿಪಾಠ ಬರುತ್ತೆ, ಪರೀಕ್ಷೆಯಲ್ಲಿ ಪೂರ್ತಿ ಮಾರ್ಕು. ಆ ಪದವನ್ನ ಅವನ ಅಜ್ಜಿಯ ಭಾಷೆಯ ಪಕ್ಕ ಇಟ್ಟು ಯಾರೂ ತೋರಿಸಿರಲಿಲ್ಲ, ಅಷ್ಟೇ.

ಒಂದು ಪದವನ್ನ ಮಗುವಿನ ಮನೆ ಮಾತಿನ ಪಕ್ಕ ಇಟ್ಟು ತೋರಿಸೋ ಕೆಲಸ ಇನ್ನೂರು ವರ್ಷದ ಹಿಂದೆ ಬಳ್ಳಾರಿಯಲ್ಲಿ, ಮಕಾವ್‌ನಲ್ಲಿ ಕೂತವರು ಶುರು ಮಾಡಿದ್ದರು. ಅವರ ಉದ್ದೇಶ ಬೇರೆ ಇತ್ತು, ನಮ್ಮದು ಬೇರೆ. ಕೆಲಸ ಮಾತ್ರ ಅದೇ, ಮತ್ತು ಅದಿನ್ನೂ ಅರ್ಧಕ್ಕೇ ನಿಂತಿದೆ. ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗೋ ತಮ್ಮನೋ ತಂಗಿಯೋ ಇದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಒಂದು ಪದ ಹೇಳಿಕೊಡಿ, ಐದು ನಿಮಿಷ ಸಾಕು.

ಮುಂದಿನ ಸಂಚಿಕೆಯಲ್ಲಿ ಕೊಳ್ಳೇಗಾಲದ ರೇಷ್ಮೆ ಮಗ್ಗಗಳ ಲೆಕ್ಕದ ಪುಸ್ತಕದ ಕಡೆ ಹೋಗೋಣ. ಅಲ್ಲಿವರೆಗೆ ಹುಷಾರು. ಬರ್ತೀನಿ.